ಎಲ್ಕಿನ ಠೇವಣಿ, ಚಿಕಡೀಯ ಪಿಗ್ಮಿ

ಕಳೆದ ಅಕ್ಟೋಬರಿನಲ್ಲಿ ನಾಲ್ಕನೇ ತರಗತಿಯ ನನ್ನ ಮಗಳು ಶಾಲೆಯಿಂದ ಒಂದು ಹಾಳೆ ತಂದಳು. ಅದರ ಮೇಲೆ ಒಂದರ ಅಂಚಿಗೆ ಇನ್ನೊಂದು ಹತ್ತಿಕೊಂಡ ಎರಡು ವೃತ್ತಗಳು. ವಾಷಿಂಗ್ಟನ್ ರಾಜ್ಯದಲ್ಲಿ ಕಾಣಸಿಗುವ ಎರಡು ಜೀವಿಗಳನ್ನು ಆರಿಸಿಕೊಳ್ಳಬೇಕು, ಒಂದು ದೊಡ್ಡದು, ಒಂದು ಚಿಕ್ಕದು. ಒಂದೊಂದರ ವಿಶೇಷಗಳನ್ನು ಆಯಾ ವೃತ್ತದೊಳಗೆ ಬರೆದು, ಎರಡಕ್ಕೂ ಸಾಮಾನ್ಯವಾದದ್ದನ್ನು ನಡುವೆ ಬರೆಯಬೇಕು. ದೊಡ್ಡದಕ್ಕೆ ಅವಳು ಎಲ್ಕ್ ಆರಿಸಿದಳು, ಏಕೆಂದರೆ ಹಿಂದಿನ ತಿಂಗಳಷ್ಟೇ ನೋಡಿ ಬಂದಿದ್ದೆವು. ಚಿಕ್ಕದಕ್ಕೆ ಚಿಕಡೀ, ಏಕೆಂದರೆ ಆ ಹೊತ್ತಿಗೆ ಅದು ಅಡುಗೆಮನೆಯ ಕಿಟಕಿಯಾಚೆಯೇ ಕುಳಿತಿತ್ತು. ನಡುವಿನ ಜಾಗದಲ್ಲಿ ‘ಎರಡೂ ಊಟ ಮಾಡುತ್ತವೆ’ ಎಂದು ಬರೆದು, ಪೆನ್ಸಿಲ್ ಕಚ್ಚುತ್ತಾ ಕೇಳಿದಳು:

“ಅಪ್ಪಾ, ಎರಡರಲ್ಲಿ ಯಾವುದು ಜಾಸ್ತಿ ಕಷ್ಟಪಡುತ್ತೆ?”

ಬಿ.ಕಾಂ. ಮುಗಿಸಿ, ಸಿ.ಎ. ಮಾಡಿ, ಇಪ್ಪತ್ತು ವರ್ಷದಿಂದ ಊರವರ ಲಾಭ ನಷ್ಟ ಕೂಡಿಸಿ ಕಳೆದು ಹೊಟ್ಟೆ ಹೊರೆಯುತ್ತಿರುವವನಿಗೆ ಇಂಥ ಪ್ರಶ್ನೆ ಕೇಳಬಾರದು. “ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ” ಎಂದು ಅಜ್ಜಿಯ ಗಾದೆ ಹೇಳಿ ಜಾರಿಕೊಳ್ಳಬಹುದಿತ್ತು. ನಾನು ಲ್ಯಾಪ್‌ಟಾಪ್ ತೆರೆದು ಎಕ್ಸೆಲ್ ಹಾಳೆಯಲ್ಲಿ ಎರಡು ಅಂಕಣ ಎಳೆದೆ. ಹೆಂಡತಿ ಒಳಗಿನಿಂದಲೇ, “ಪಾಪ, ಆ ಹಕ್ಕಿಗೂ ಟ್ಯಾಕ್ಸ್ ಹಾಕಬೇಡಿ” ಎಂದಳು.

ನಾವಿರುವ ಮಿಲ್ ಕ್ರೀಕ್ ಸಿಯಾಟಲ್‌ನಿಂದ ಉತ್ತರಕ್ಕೆ ಸುಮಾರು 20 ಮೈಲಿ. 1983ರಲ್ಲಿ ನಗರವೆನಿಸಿಕೊಂಡ ಸಣ್ಣ ಊರು. ಮನೆಗಳ ನಡುನಡುವೆ ಡಗ್ಲಸ್ ಫರ್ ಮತ್ತು ಸೀಡರ್ ಮರಗಳನ್ನು ಉಳಿಸಿಕೊಂಡಿರುವುದರಿಂದ ಚಿಕಡೀಗಳಿಗೆ ಇಲ್ಲಿ ಬರವಿಲ್ಲ. ಕಪ್ಪು ಟೋಪಿ, ಕಪ್ಪು ಗದ್ದ, ಬಿಳಿ ಕೆನ್ನೆಯ, ಹೆಬ್ಬೆರಳಿಗಿಂತ ತುಸು ದೊಡ್ಡದಾದ ಹಕ್ಕಿ. ನಮ್ಮ ಕಡೆಯ ತೋಟಗಳಲ್ಲಿ ಕಾಣುವ ಬೂದು ಬಣ್ಣದ ಟಿಟ್ ಹಕ್ಕಿಯ ದಾಯಾದಿ. ‘ಚಿಕ್-ಎ-ಡೀ-ಡೀ’ ಎಂದು ತನ್ನ ಹೆಸರನ್ನು ತಾನೇ ಕೂಗಿಕೊಳ್ಳುತ್ತದೆ. ನಾವು ತೂಗುಹಾಕಿದ ಡಬ್ಬಿಯಿಂದ ಒಂದೇ ಒಂದು ಸೂರ್ಯಕಾಂತಿ ಬೀಜ ಕಚ್ಚಿಕೊಂಡು ಹಾರುತ್ತದೆ, ಮತ್ತೆ ಬರುತ್ತದೆ, ಮತ್ತೆ ಒಂದೇ ಬೀಜ. ಗಲ್ಲಾಪೆಟ್ಟಿಗೆಯ ಮುಂದೆ ಚಿಲ್ಲರೆ ಎಣಿಸುವವರ ಶಿಸ್ತು.

ಎಲ್ಕ್ ನೋಡಲು ಮಾತ್ರ ಹೋಗಬೇಕು. ಎಡ್ಮಂಡ್ಸ್‌ನಲ್ಲಿ ಕಾರನ್ನು ಹಡಗಿಗೆ ಹತ್ತಿಸಿ, ಕಿಂಗ್‌ಸ್ಟನ್‌ನಲ್ಲಿ ಇಳಿದು, ಪೋರ್ಟ್ ಏಂಜಲಿಸ್ ದಾಟಿ, ಫೋರ್ಕ್ಸ್ ಎಂಬ ಮಳೆಯೂರಿನಲ್ಲಿ ರಾತ್ರಿ ತಂಗಿ, ಬೆಳಕು ಹರಿಯುವ ಮೊದಲೇ ಹೋಹ್ ಮಳೆಕಾಡಿಗೆ ಹೋಗಿದ್ದೆವು. ನದಿಯ ಬದಿಯ ಹುಲ್ಲಿನಲ್ಲಿ ಹದಿನೈದು ಇಪ್ಪತ್ತು ಹೆಣ್ಣುಗಳು ಮೇಯುತ್ತಿದ್ದವು. ನಮ್ಮ ಕಡವೆಯನ್ನು ಬಲ್ಲವರು ಅದನ್ನು ಇನ್ನಷ್ಟು ಎತ್ತರ, ಇನ್ನಷ್ಟು ಭಾರ ಮಾಡಿ, ಕುತ್ತಿಗೆಗೆ ಕಡುಗಂದು ಕಂಬಳಿ ಸುತ್ತಿ ಕಲ್ಪಿಸಿಕೊಳ್ಳಬಹುದು. ಇಲ್ಲಿನದು ರೂಸ್‌ವೆಲ್ಟ್ ಎಲ್ಕ್. ಈ ಹೆಸರನ್ನು 1897ರಲ್ಲಿ ಪ್ರಾಣಿಶಾಸ್ತ್ರಜ್ಞ ಹಾರ್ಟ್ ಮೆರಿಯಮ್ ತನ್ನ ಸ್ನೇಹಿತ ಥಿಯೋಡರ್ ರೂಸ್‌ವೆಲ್ಟ್ ಗೌರವಾರ್ಥ ಇಟ್ಟ. ಆ ಕಾಲದಲ್ಲಿ ಎಲ್ಕಿನ ಕೋರೆಹಲ್ಲನ್ನು ಗಡಿಯಾರದ ಸರಪಳಿಗೆ ಕಟ್ಟಿಕೊಳ್ಳುವ ಶೋಕಿಯಿತ್ತು. ಆ ಎರಡು ಹಲ್ಲಿಗಾಗಿ ಇಡೀ ಪ್ರಾಣಿಯನ್ನು ಕೊಲ್ಲುತ್ತಿದ್ದರು. 1909ರಲ್ಲಿ ಅಧ್ಯಕ್ಷಗಿರಿ ಬಿಡುವ ಮುನ್ನ ರೂಸ್‌ವೆಲ್ಟ್ ಈ ಕಾಡಿನ ಒಂದು ಭಾಗವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದ. 1938ರಲ್ಲಿ ಅದೇ ಒಲಿಂಪಿಕ್ ರಾಷ್ಟ್ರೀಯ ಉದ್ಯಾನವಾಯಿತು.

ಗಂಡು ಎಲ್ಕ್ ಮರಗಳ ಹಿಂದೆ ಎಲ್ಲೋ ನಿಂತು ಕೂಗಿತು. ಅಷ್ಟು ದೊಡ್ಡ ಎದೆಯಿಂದ ಗುಡುಗು ಬರುತ್ತದೆಂದು ಕಾಯುತ್ತಿದ್ದ ನಮಗೆ ಕೇಳಿದ್ದು ತೆಳ್ಳಗಿನ, ಉದ್ದನೆಯ ಸೀಟಿ. ಮಗಳು ಕಿಸಕ್ಕನೆ ನಕ್ಕಳು. ಆ ಸೀಟಿಯ ಮೇಲಿನ ತುದಿ ವಸಂತದಲ್ಲಿ ಚಿಕಡೀ ಹಾಡುವ ಸ್ಥಾಯಿಯ ಹತ್ತಿರಕ್ಕೇ ಹೋಗುತ್ತದೆ ಎಂದು ಆಮೇಲೆ ಓದಿದೆ. ಇಬ್ಬರ ವೃತ್ತಗಳು ಸೇರುವ ಜಾಗದಲ್ಲಿ ಊಟದ ಜತೆಗೆ ಸಂಗೀತವೂ ಇತ್ತೆನ್ನಿ.

ಇರಲಿ, ಎಕ್ಸೆಲ್ ಹಾಳೆಗೆ ಬರೋಣ. ಚಿಕಡೀಯ ತೂಕ ಸುಮಾರು 11 ಗ್ರಾಂ. ಎಲ್ಕಿನದು ಲೆಕ್ಕದ ಅನುಕೂಲಕ್ಕೆ 300 ಕಿಲೋ ಎಂದಿಟ್ಟುಕೊಳ್ಳಿ. ಗಂಡುಗಳು ಅದಕ್ಕಿಂತ ಸಾಕಷ್ಟು ಹೆಚ್ಚೂ ತೂಗುತ್ತವೆ. ಒಂದು ಎಲ್ಕ್ ಎಂದರೆ 27 ಸಾವಿರ ಚಿಕಡೀಗಳು. ಎಲ್ಕಿನ ಹಸಿವೂ ಹಕ್ಕಿಯ ಹಸಿವಿನ 27 ಸಾವಿರ ಪಟ್ಟು ಇರಬೇಕಲ್ಲವೇ? ಇಲ್ಲ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿದ್ದ ಮ್ಯಾಕ್ಸ್ ಕ್ಲೈಬರ್ ಎಂಬ ಸ್ವಿಸ್ ಮೂಲದ ವಿಜ್ಞಾನಿ 1932ರಲ್ಲಿ ಒಂದು ಸೂತ್ರ ಕೊಟ್ಟ. ದೇಹ ದೊಡ್ಡದಾದಷ್ಟು ಖರ್ಚು ಅದೇ ಪ್ರಮಾಣದಲ್ಲಿ ಏರುವುದಿಲ್ಲ. ತೂಕದ ಮುಕ್ಕಾಲನೇ ಘಾತದಂತೆ ಏರುತ್ತದೆ. ಹಾಗೆ ಲೆಕ್ಕ ಹಾಕಿದರೆ ಎಲ್ಕಿನ ಖರ್ಚು ಹಕ್ಕಿಯದರ 2,100 ಪಟ್ಟು ಮಾತ್ರ. ಅಂದರೆ ಗ್ರಾಂ ಒಂದಕ್ಕೆ ಚಿಕಡೀ ಎಲ್ಕಿನ 13 ಪಟ್ಟು ಸುಡುತ್ತದೆ. ಹಾಡುಹಕ್ಕಿಗಳ ಒಲೆ ಆ ಸೂತ್ರಕ್ಕಿಂತಲೂ ತುಸು ಬಿಸಿಯೇ. ಎಲ್ಕ್ ದಿನಕ್ಕೆ ಒಂಬತ್ತು ಕಿಲೋದಷ್ಟು ಹುಲ್ಲು ಸೊಪ್ಪು ಮೇಯುತ್ತದೆ, ತನ್ನ ತೂಕದ ಶೇಕಡಾ 3ರಷ್ಟು. ಚಿಕಡೀ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತಿನ್ನಬೇಕು. ಎಲ್ಕ್ ತಿಂದದ್ದನ್ನು ನಾಲ್ಕು ಕೋಣೆಯ ಹೊಟ್ಟೆಗೆ ತುಂಬಿ, ಮಲಗಿ, ಮೆಲುಕು ಹಾಕುತ್ತದೆ. ಹಕ್ಕಿಗೆ ಮೆಲುಕಿನ ಸೌಭಾಗ್ಯವಿಲ್ಲ. ಅದರ ಹೃದಯ ನಿಮಿಷಕ್ಕೆ ಐನೂರರಿಂದ ಸಾವಿರ ಸಲ ಬಡಿಯುತ್ತದೆ.

ಚಳಿಗಾಲಕ್ಕೆ ಇಬ್ಬರ ಸಿದ್ಧತೆಯೂ ಬೇರೆ. ಎಲ್ಕ್ ಬೇಸಿಗೆಯಿಡೀ ಮೇದು ಮೈಮೇಲೆ ಕೊಬ್ಬು ಕಟ್ಟಿಕೊಳ್ಳುತ್ತದೆ. ಚಳಿಗಾಲದಲ್ಲಿ ಓಡಾಟ ಕಡಿಮೆ ಮಾಡಿ, ಸಿಕ್ಕಿದ್ದನ್ನು ತಿನ್ನುತ್ತಾ, ಆ ಕೊಬ್ಬನ್ನು ಕರಗಿಸುತ್ತಾ ತಿಂಗಳುಗಟ್ಟಲೆ ತಳ್ಳುತ್ತದೆ. ‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂಬ ಗಾದೆಯನ್ನು ಅದು ಕೇಳಿಲ್ಲ. ಚಿಕಡೀ ಅಷ್ಟು ಕೊಬ್ಬು ಹೊತ್ತರೆ ಹಾರಲಾರದು. ಅದರ ಮೈಯಲ್ಲಿ ಇರುವುದು ಹೆಚ್ಚುಕಡಿಮೆ ಒಂದು ರಾತ್ರಿಯ ಇಂಧನ. ಇಲ್ಲಿ ಡಿಸೆಂಬರಿನ ಹಗಲು ಎಂಟೂವರೆ ಗಂಟೆಗೂ ಕಡಿಮೆ, ಉಳಿದದ್ದೆಲ್ಲ ಇರುಳು. ಆ ಇರುಳನ್ನು ಕಳೆಯಲು ಚಿಕಡೀ ತನ್ನ ಒಲೆಯನ್ನೇ ತಗ್ಗಿಸುತ್ತದೆ. ಹಗಲಿನಲ್ಲಿ 42 ಡಿಗ್ರಿ ಸೆಲ್ಸಿಯಸ್ ಇರುವ ಮೈ ಕೊರೆಯುವ ಇರುಳುಗಳಲ್ಲಿ ಹತ್ತು ಹನ್ನೆರಡು ಡಿಗ್ರಿ ಇಳಿಯುತ್ತದೆ. ಬೆಳಗ್ಗೆ ನಡುಗಿ ನಡುಗಿ ಮತ್ತೆ ಬಿಸಿಯಾಗಿ, ಮೊದಲ ಬೀಜಕ್ಕೆ ಹಾರುತ್ತದೆ. ಪ್ರತಿದಿನವೂ ವರ್ಷಾಂತ್ಯ, ಪ್ರತಿದಿನವೂ ಲೆಕ್ಕ ಮುಗಿತಾಯ.

ಮೈಮೇಲೆ ಹೊರಲಾಗದ್ದನ್ನು ಅದು ಊರಿನ ಮೇಲೆ ಹಂಚಿಡುತ್ತದೆ. ತೊಗಟೆಯ ಸಂದು, ಪಾಚಿಯ ಮಡಿಕೆ, ಬೇಲಿಯ ಬಿರುಕು, ಒಂದೊಂದು ಕಡೆ ಒಂದೊಂದೇ ಬೀಜ. ಇಟ್ಟ ಜಾಗವನ್ನು ನಾಲ್ಕು ವಾರದವರೆಗೂ ನೆನಪಿಡಬಲ್ಲದೆಂದು ಪ್ರಯೋಗಗಳಲ್ಲಿ ಕಂಡಿದ್ದಾರೆ. 1994ರಲ್ಲಿ ಬಾರ್ನಿಯಾ ಮತ್ತು ನೊಟ್ಟೆಬೋಮ್ ಎಂಬ ವಿಜ್ಞಾನಿಗಳು ಇನ್ನೊಂದು ಸಂಗತಿ ಪ್ರಕಟಿಸಿದರು. ಜಾಗದ ನೆನಪಿಗೆ ಸಂಬಂಧಿಸಿದ ಮಿದುಳಿನ ಭಾಗ ಹಿಪೊಕ್ಯಾಂಪಸ್‌ಗೆ ಹೊಸ ನರಕೋಶಗಳು ವರ್ಷವಿಡೀ ಸೇರುತ್ತಿರುತ್ತವೆ. ಎಲ್ಲಕ್ಕಿಂತ ಹೆಚ್ಚು ಸೇರುವುದು ಅಕ್ಟೋಬರಿನ ಸುಮಾರಿಗೆ, ಬಚ್ಚಿಡುವ ಕೆಲಸ ಜೋರಾಗುವ ಕಾಲಕ್ಕೆ.

ಇಲ್ಲಿಗೆ ಬಂದಾಗ ಟೈಪ್ ಮಾಡುವುದನ್ನು ನಿಲ್ಲಿಸಿದೆ. ಮಗಳು ಅಷ್ಟರಲ್ಲಿ ಎದ್ದು ಹೋಗಿದ್ದಳು. ನನಗೆ ಅರಸೀಕೆರೆಯ ನಮ್ಮ ಅಂಗಡಿ ನೆನಪಾಗಿತ್ತು.

ನಮ್ಮಪ್ಪನದು ದಿನಸಿ ಅಂಗಡಿ. ಕೊಬ್ಬರಿ ಸೀಸನ್ನಿನಲ್ಲಿ ನಾಲ್ಕು ಕಾಸು ಹೆಚ್ಚು, ಉಳಿದಂತೆ ಅವತ್ತಿನ ವ್ಯಾಪಾರ ಅವತ್ತಿಗೆ. ಅಪ್ಪ ಎಂದೂ ದೊಡ್ಡ ಗಂಟು ಮಾಡಿದವರಲ್ಲ. ಅಂಚೆ ಕಚೇರಿಯಲ್ಲೊಂದು ಆರ್.ಡಿ., ಜೀವವಿಮೆಯ ಮೂರು ಪಾಲಿಸಿ, ಬೇರೆ ಬೇರೆ ಬ್ಯಾಂಕು ಸೊಸೈಟಿಗಳಲ್ಲಿ ಐದು ಸಾವಿರ, ಎಂಟು ಸಾವಿರದ ಠೇವಣಿ ರಸೀದಿಗಳು, ಸಗಟು ವ್ಯಾಪಾರಿಯ ಬಳಿ ಒಂದಿಷ್ಟು ಮುಂಗಡ, ಇವೆಲ್ಲದರ ಮೇಲೆ ಪಿಗ್ಮಿ.

ಪಿಗ್ಮಿ ಎಂದರೆ ಈಗಿನ ಮಕ್ಕಳಿಗೆ ತಿಳಿಯಲಿಕ್ಕಿಲ್ಲ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ಅವರ ತಮ್ಮ ಡಾ. ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವರು ಸೇರಿ ಒಂದು ಸಣ್ಣ ಬ್ಯಾಂಕು ಕಟ್ಟಿದರು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು. ಆ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟ್ ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆಯಷ್ಟು ಚಿಲ್ಲರೆಯನ್ನೂ ಕಟ್ಟಿಸಿಕೊಂಡು ಹೋಗುತ್ತಿದ್ದ. ನೇಕಾರರು, ಮೀನು ಮಾರುವವರು, ಹೂ ಕಟ್ಟುವವರು, ದಿನಗೂಲಿಯವರು, ತಿಂಗಳ ಸಂಬಳವೆಂಬುದನ್ನೇ ಕಾಣದವರು ಅದರಿಂದ ಉಳಿತಾಯ ಕಲಿತರು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಆದರೆ ಪಿಗ್ಮಿ ಎಂಬ ಪದ ನಮ್ಮೂರ ಸೊಸೈಟಿಗಳಲ್ಲಿ ಇನ್ನೂ ಬದುಕಿದೆ. ನಮ್ಮ ಅಂಗಡಿಗೆ ದಿನಾ ಸಂಜೆ ಐದೂವರೆಗೆ ಸೈಕಲ್ಲಿನಲ್ಲಿ ಪಿಗ್ಮಿಯವನು ಬರುತ್ತಿದ್ದ. ಅಪ್ಪ ಹತ್ತು ರೂಪಾಯಿ ಕೊಡುತ್ತಿದ್ದರು. ಅವನು ಕಾರ್ಡಿನಲ್ಲಿ ಬರೆದು ಸಹಿ ಹಾಕುತ್ತಿದ್ದ. ಒಂದು ಲೋಟ ಕಾಫಿ, ಎರಡು ಮಾತು, ಮುಂದಿನ ಅಂಗಡಿ.

2018ರ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಪ್ಪನಿಗೆ ಎಪ್ಪತ್ತೈದು. ನಾನು ಆ ಹೊತ್ತಿಗೆ ಈ ದೇಶದಲ್ಲಿ ಸಾಕಷ್ಟು ಮೈ ತುಂಬಿಕೊಂಡಿದ್ದೆ. ಮನೆ, ನಿವೃತ್ತಿ ನಿಧಿ, ಷೇರು, ಎಲ್ಲವೂ ಒಂದೇ ಪರದೆಯಲ್ಲಿ ಒಂದೇ ಮೊತ್ತವಾಗಿ ಕಾಣುತ್ತಿತ್ತು. ಅಪ್ಪನ ಹಣ ಕಾಣುತ್ತಿದ್ದದ್ದು ಅಪ್ಪನ ತಲೆಯಲ್ಲಿ ಮಾತ್ರ. ಯಾವ ರಸೀದಿ ಯಾವ ಡಬ್ಬದಲ್ಲಿ, ಯಾವುದು ಯಾವ ತಿಂಗಳಿಗೆ ಮುಗಿಯುತ್ತದೆ, ಎಲ್ಲ ಬಾಯಿಪಾಠ. ನಾನು ಎರಡು ದಿನ ಕುಳಿತು ಪಟ್ಟಿ ಮಾಡಿದೆ. ಹದಿನಾಲ್ಕು ಕಡೆ ಹಣ. ಕೆಲವು ಕಡೆ ನಾಮಿನಿಯೇ ಇಲ್ಲ. ಒಂದೆರಡು ರಸೀದಿಗಳ ಅವಧಿ ಮುಗಿದು ವರ್ಷವಾಗಿತ್ತು. ಅಪ್ಪ ಅವುಗಳನ್ನು ಮರೆತಿದ್ದರು, ಮರೆತದ್ದನ್ನು ನಾನು ಕಂಡುಹಿಡಿದದ್ದು ಅವರಿಗೆ ಹಿಡಿಸಲಿಲ್ಲ.

“ನೀವು ನಾಳೆ ಇಲ್ಲದಿದ್ದರೆ ಅಮ್ಮ ಇದನ್ನೆಲ್ಲ ಎಲ್ಲಿ ಹುಡುಕಬೇಕು?” ಎಂದೆ. ಆ ಪ್ರಶ್ನೆ ತಪ್ಪಲ್ಲ, ಇವತ್ತೂ ತಪ್ಪೆನ್ನಲಾರೆ. ಒಂದು ವಾರದಲ್ಲಿ ಎಲ್ಲವನ್ನೂ ಮುರಿಸಿ, ಒಂದೇ ಬ್ಯಾಂಕಿನಲ್ಲಿ ಒಂದೇ ದೊಡ್ಡ ಠೇವಣಿ ಮಾಡಿಸಿದೆ. ಅಮ್ಮ ನಾಮಿನಿ, ಬಡ್ಡಿ ತಿಂಗಳಿಗೊಮ್ಮೆ ಖಾತೆಗೆ. ಪಿಗ್ಮಿಯನ್ನೂ ನಿಲ್ಲಿಸಿದೆ. “ಹತ್ತು ರೂಪಾಯಿಗೆ ಕಾಫಿ ಹನ್ನೆರಡು ರೂಪಾಯಿದು ಕುಡಿಸ್ತೀರಿ” ಎಂದು ತಮಾಷೆಯನ್ನೂ ಮಾಡಿದೆ. ಅಪ್ಪ ನಗಲಿಲ್ಲ. “ನೀನು ಓದಿದವನು, ನಿನಗೆ ಗೊತ್ತಿರುತ್ತೆ” ಎಂದರು.

ಮುಂದಿನ ವರ್ಷ ಅಪ್ಪನ ಮರೆವು ಶುರುವಾಯಿತು. ಮೊದಲು ಗಿರಾಕಿಗಳ ಹೆಸರು, ಆಮೇಲೆ ಬಾಕಿ ಲೆಕ್ಕ. 2020ರಲ್ಲಿ ಅಂಗಡಿ ಮುಚ್ಚಿತು. ವಿಡಿಯೋ ಕರೆಯಲ್ಲಿ ನನ್ನನ್ನು ನೋಡಿ ಒಮ್ಮೊಮ್ಮೆ, “ಪಿಗ್ಮಿಯವನು ಬಂದನಾ?” ಎಂದು ಕೇಳುತ್ತಿದ್ದರು. 2022ರ ಫೆಬ್ರವರಿಯಲ್ಲಿ ತೀರಿಕೊಂಡರು. ಠೇವಣಿ ಒಂದೇ ಇದ್ದದ್ದರಿಂದ ಅಮ್ಮನಿಗೆ ಏನೂ ತೊಂದರೆಯಾಗಲಿಲ್ಲ. ಒಂದೇ ಅರ್ಜಿ, ಒಂದೇ ಸಹಿ. ಬ್ಯಾಂಕಿನವರು ನನ್ನ ಮುಂದಾಲೋಚನೆಯನ್ನು ಹೊಗಳಿದರು.

ಆದರೆ ನನ್ನೊಳಗೊಂದು ಲೆಕ್ಕ ಟ್ಯಾಲಿ ಆಗಿರಲಿಲ್ಲ. ಹದಿನಾಲ್ಕು ಜಾಗಗಳನ್ನು ದಿನಾ ಸುತ್ತಿಬರುತ್ತಿದ್ದ ತಲೆಗೆ ನಾನು ಕೆಲಸವಿಲ್ಲದಂತೆ ಮಾಡಿದೆನೇ? ವೈದ್ಯರನ್ನು ಕೇಳಿದ್ದೆ. ಕಾಯಿಲೆ ಹಾಗೆ ಬರುವುದಿಲ್ಲ, ಅದು ಅದಕ್ಕೂ ಬಹಳ ಮೊದಲೇ ಒಳಗೆ ಶುರುವಾಗಿರುತ್ತದೆ ಎಂದರು. ಆ ಮರೆತ ರಸೀದಿಗಳೇ ಅದಕ್ಕೆ ಸಾಕ್ಷಿಯಿರಬಹುದು. ಬುದ್ಧಿ ಒಪ್ಪಿತು. ಆದರೆ ಅಕ್ಟೋಬರಿನ ಆ ಸಂಜೆ, ಬಚ್ಚಿಡುವ ಕಾಲಕ್ಕೆ ನರಕೋಶ ಸೇರುವ ಹಕ್ಕಿಯ ಬಗ್ಗೆ ಓದುತ್ತಿದ್ದಾಗ, ಹಳೆಯ ಅನುಮಾನ ಹೊಸ ಪುರಾವೆ ಹಿಡಿದು ಬಂದು ಎದುರು ಕುಳಿತಂತಾಯಿತು. ಹಕ್ಕಿಯ ಮಿದುಳಿನಿಂದ ಮನುಷ್ಯನ ಮಿದುಳಿಗೆ ಹಾರುವುದು ಸರಿಯಲ್ಲವೆಂದು ಗೊತ್ತು. ಅಪರಾಧ ಪ್ರಜ್ಞೆಗೆ ಅಂಥ ಸೇತುವೆಗಳು ಬೇಕಾಗಿಲ್ಲ.

ನಾನು ಅಪ್ಪನನ್ನು ಸಣ್ಣ ಎಲ್ಕ್ ಎಂದು ತಿಳಿದಿದ್ದೆ. ನನ್ನಂತೆಯೇ ಬದುಕಬೇಕಾದವರು, ದುಡ್ಡು ಸಾಲದೆ ಚೂರುಚೂರಾಗಿ ಬದುಕುತ್ತಿದ್ದಾರೆ, ಚೂರುಗಳನ್ನು ಅಂಟಿಸಿಕೊಟ್ಟರೆ ಸರಿಹೋಗುತ್ತದೆ ಎಂದು. ಹಕ್ಕಿಯ ಮೈಗೆ ಎಲ್ಕಿನ ಕೊಬ್ಬು ಕಟ್ಟಿ, ಇನ್ನು ನಿಶ್ಚಿಂತೆಯಾಗಿರಿ ಎಂದಂತೆ. ಹಂಚಿಡುವುದು ಹಕ್ಕಿಯ ಬಡತನವಲ್ಲ, ಅದರ ವಿದ್ಯೆ. ಅರಸೀಕೆರೆಯಲ್ಲಿ ಒಂದು ಸೊಸೈಟಿ ಮುಳುಗಿದ ವರ್ಷ ಅಪ್ಪನಿಗೆ ಹೋದದ್ದು ಹದಿನಾಲ್ಕರಲ್ಲಿ ಒಂದು ಚೂರು ಮಾತ್ರ. ನನ್ನ ಪಟ್ಟಿಯಲ್ಲಿ ಆ ಲಾಭವನ್ನು ಬರೆಯಲು ಅಂಕಣವೇ ಇರಲಿಲ್ಲ.

ಡಿಸೆಂಬರಿನಲ್ಲಿ ಊರಿಗೆ ಹೋದೆವು. ಅಮ್ಮ ಮನೆಗೆ ಬಣ್ಣ ಹೊಡೆಸುತ್ತಿದ್ದರು. ಎರಡನೇ ದಿನ ಪೇಂಟರ್ ಹುಡುಗ ನಡುಮನೆಯ ಗಣಪತಿ ಪಟ ಇಳಿಸಿದಾಗ ಹಿಂದಿನಿಂದ ಒಂದು ಕಾರ್ಡು ಬಿತ್ತು. ಪಿಗ್ಮಿ ಕಾರ್ಡು. ಮೊದಲ ನಮೂದು 2018ರ ಜೂನ್, ನಾನು ವಿಮಾನ ಹತ್ತಿದ ಮೂರನೇ ದಿನ. ಹತ್ತು ರೂಪಾಯಿ. ಮರುದಿನ ಹತ್ತು. ಅದರ ಮರುದಿನ ಹತ್ತು. ನಾನು ವೃತ್ತಿಯ ಅಭ್ಯಾಸದಂತೆ ನಿಂತಲ್ಲೇ ಎಣಿಸಿದೆ. 518 ನಮೂದುಗಳು, 5,180 ರೂಪಾಯಿ. ಕೊನೆಯದು 2020ರ ಮಾರ್ಚ್ 21, ಲಾಕ್‌ಡೌನ್ ಶುರುವಾಗುವ ಮೊದಲಿನ ಶನಿವಾರ. ಆಮೇಲೆ ಸೈಕಲ್ ಬಂದಿರಲಿಕ್ಕಿಲ್ಲ.

“ಅಮ್ಮಾ, ಇದು ನಿನಗೆ ಗೊತ್ತಿತ್ತಾ?”

“ಗೊತ್ತಿಲ್ದೆ ಏನು? ದಿನಾ ಕಾಫಿ ಮಾಡ್ತಿದ್ದೋಳು ನಾನೇ ಅಲ್ವಾ?” ಅಮ್ಮ ಪಟದ ಧೂಳು ಒರೆಸುತ್ತಾ ಹೇಳಿದರು. “ನೀನು ಬೈತೀಯ ಅಂತ ನಿನಗೆ ಹೇಳ್ಬೇಡ ಅಂದಿದ್ರು.”

ಎರಡು ಭಾವನೆಗಳು ಒಟ್ಟಿಗೆ ಬಂದವು, ಯಾವುದನ್ನು ಯಾವ ಬದಿಗೆ ಬರೆಯಬೇಕೆಂದು ಇನ್ನೂ ತಿಳಿದಿಲ್ಲ. ಮೊದಲನೆಯದು ಸಮಾಧಾನ. ಅಪ್ಪನ ಪಿಗ್ಮಿಯನ್ನು ನಾನು ನಿಲ್ಲಿಸಿರಲಿಲ್ಲ, ನನ್ನಿಂದ ನಿಲ್ಲಿಸಲು ಆಗಿರಲಿಲ್ಲ. 518 ಸಂಜೆ ಅವರು ನೆನಪಿಟ್ಟುಕೊಂಡು ಹತ್ತು ರೂಪಾಯಿ ತೆಗೆದಿರಿಸಿದ್ದರು, ಹೆಸರುಗಳು ಜಾರಿಹೋಗುತ್ತಿದ್ದ ದಿನಗಳಲ್ಲೂ. ನನ್ನ ಮೇಲೆ ನಾನೇ ಹೊರಿಸಿಕೊಂಡಿದ್ದ ಆರೋಪ ಆಡಿಟ್‌ನಲ್ಲಿ ಪೂರ್ತಿ ನಿಲ್ಲಲಿಲ್ಲ. ಎರಡನೆಯದು, ಎಪ್ಪತ್ತೈದು ವರ್ಷದ ಮನುಷ್ಯ ತನ್ನ ಹತ್ತು ರೂಪಾಯಿಯನ್ನು ದೇವರ ಪಟದ ಹಿಂದೆ, ಮಗನಿಗೆ ಹೆದರಿ, ಬಚ್ಚಿಡಬೇಕಾಯಿತು ಎಂಬುದು. ಅದಕ್ಕೆ ಯಾವ ವೈದ್ಯರ ಸಮಜಾಯಿಷಿಯೂ ಇಲ್ಲ.

ಹಣ ಬಿಡಿಸಿಕೊಡಲು ಮರಣ ಪ್ರಮಾಣಪತ್ರ, ಅರ್ಜಿ, ಎಲ್ಲ ನಾನೇ ಸಿದ್ಧಮಾಡಿದೆ. ಅಮ್ಮ ಬೇಡವೆಂದರು. “ಆ ಹುಡುಗ ಈಗಲೂ ಈ ರಸ್ತೇಲಿ ಬರ್ತಾನೆ, ಸ್ಕೂಟರಲ್ಲಿ. ನನ್ನ ಹೆಸರಿಗೆ ಒಂದು ಹೊಸದು ಮಾಡಿಸು. ಸಂಜೆ ಯಾರಾದ್ರೂ ಬಂದ ಹಾಗಾಗುತ್ತೆ.” ಮಾಡಿಸಿದೆ. ಹಳೆಯ 5,180 ಮತ್ತು ಅದರ ಬಡ್ಡಿ ಅದೇ ಖಾತೆಗೆ ಹೋಯಿತು. ನಾಮಿನಿಯ ಜಾಗದಲ್ಲಿ ಅಮ್ಮ ಯಾರ ಹೆಸರು ಬರೆಸಿದರೆಂದು ನಾನು ಇಣುಕಿ ನೋಡಲಿಲ್ಲ.

ಜನವರಿಯಲ್ಲಿ ಮಿಲ್ ಕ್ರೀಕ್‌ಗೆ ಮರಳಿದಾಗ ಮಗಳ ಹಾಳೆ ಫ್ರಿಜ್ ಮೇಲೆ ಹಾಗೆಯೇ ಅಂಟಿಕೊಂಡಿತ್ತು. ಕಷ್ಟ ಯಾರಿಗೆ ಹೆಚ್ಚು ಎಂಬ ಅವಳ ಪ್ರಶ್ನೆಗೆ ನನ್ನ ಎಕ್ಸೆಲ್ ಹಾಳೆ ಉತ್ತರ ಕೊಟ್ಟಿಲ್ಲ. ಅವಳು ಕೇಳುವುದನ್ನೂ ಮರೆತಿದ್ದಾಳೆ. ಒಂದು ಭಾನುವಾರ, ಮಳೆ ಬಿಟ್ಟ ಹೊತ್ತಿನಲ್ಲಿ, ಹಿತ್ತಲಿನ ಡೆಕ್ ಗುಡಿಸುತ್ತಿದ್ದೆ. ಕಟಕಟೆಯ ಮರದ ಬಿರುಕಿನಲ್ಲಿ ಏನೋ ಕಪ್ಪಗೆ ಕಂಡಿತು. ಕೊಳೆಯೆಂದು ಪೊರಕೆಯ ಕಡ್ಡಿಯಿಂದ ಮೀಟಹೋದೆ. ಒಂದು ಸೂರ್ಯಕಾಂತಿ ಬೀಜ, ನೀಟಾಗಿ ಒಳಗೆ ತುರುಕಿದ್ದು.

ಅದು ನನ್ನ ಲೆಕ್ಕಕ್ಕೆ ಸೇರಿದ್ದಲ್ಲ. ಬಿಟ್ಟು ಮುಂದಕ್ಕೆ ಗುಡಿಸಿದೆ.